ಉಳಿಯ ಹದವೂ ಕತ್ತಿಯ ಹದವೂ

ಶ್ರವಣಬೆಳಗೊಳಕ್ಕೆ ಯಾತ್ರೆ ಬಂದವರಲ್ಲಿ ಬಹುಮಂದಿ ದೊಡ್ಡಬೆಟ್ಟವನ್ನು ಹತ್ತಿ ಗೊಮ್ಮಟೇಶ್ವರನ ದರ್ಶನಮಾಡಿ, ಸಾವಕಾಶವಿದ್ದರೆ ಚಿಕ್ಕಬೆಟ್ಟದ ಬಸದಿಗಳನ್ನೂ ನೋಡಿಕೊಂಡು ಹಿಂದಿರುಗುವರು. ಅಲ್ಲಿಂದ ಉತ್ತರಕ್ಕೆ ಸುಮಾರು ಒಂದು ಮೈಲಿಯ ದೂರದಲ್ಲಿರುವ ಜಿನನಾಥಪುರದವರೆಗೆ ಹೋಗುವವರು ಕೆಲವರೇ. ಹೋದವರಿಗೆ ಆ ಶ್ರಮವು ವ್ಯರ್ಥವಾಗಲಾರದು. ಊರಿನ ಶಾಂತಿನಾಥ ಬಸದಿಯು ಹೊಯ್ಸಳ ಶಿಲ್ಪದ ಒಂದು ಪುಟ್ಟ ರತ್ನ. ಬೆಳಗೊಳದ ಬೆಟ್ಟಗಳ ಮೇಲಿನ ಬಸದಿಗಳೆಲ್ಲ ಹೊರಗೋಡೆಯಲ್ಲಿ ಬಹಳ ಮಟ್ಟಿಗೆ ನಿರಾಡಂಬರವಾಗಿರಲು, ಇದೊಂದರ ಗೋಡೆಯ ಮೇಲೆ ಮಾತ್ರ ಜಿನಮೂರ್ತಿಗಳೂ ಯಕ್ಷಯಕ್ಷಿಯರೂ ನರ್ತಕಿಯರೂ ವಾದ್ಯಗಾರರೂ ಸಾಲಾಗಿ ನಿಂತಿರುವರು. ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಬಿಸಿಲು ತಗಲಿದಂತೆಲ್ಲ ಗಟ್ಟಿಯಾಗುವುದು ಇದರ ಗುಣ.

ಈ ಊರನ್ನು ಕಟ್ಟಿಸಿದವನು ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು. ತಲಕಾಡನ್ನು ಚೋಳರ ಕೈಯಿಂದ ಬಿಡಿಸಿದ ವೀರನು ಇವನೇ. ಊರಿನ ಹುಟ್ಟು ಸುಮಾರು 1117ನೆಯ ಇಸವಿಯದು. ಶಾಂತಿನಾಥ ಬಸದಿಯನ್ನು ಸುಮಾರು 1200ರಲ್ಲಿ ಕಟ್ಟಿಸಿದ ರೇಚಿಮಯ್ಯನೂ ದಂಡನಾಯಕನೇ. ಮೊದಲು ಕಳಚುರಿಗಳಲ್ಲಿದ್ದು ಆಮೇಲೆ ಇಮ್ಮಡಿ ಬಲ್ಲಾಳನನ್ನು ಸೇರಿದವನು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರ ಊರನ್ನೂ ಗುಡಿಯನ್ನೂ ಕಟ್ಟಿಸಿದವರು ಇಬ್ಬರೂ ಕತ್ತಿ ಹಿಡಿದ ಕೈಯವರೆಂಬುದನ್ನು ನೆನೆದರೆ, ಈ ಲೇಖನದ ವಿಷಯವು ಇಲ್ಲಿಗೆ ಅಷ್ಟೇನೂ ಹೊರಗಿನದಲ್ಲವೆಂದು ವಾಚಕರು ಒಪ್ಪಬಹುದು.

ಆ ಬಸದಿಯ ಅಂಗಳದಲ್ಲಿ ಕುಳಿತಿದ್ದಾಗಲೇ ನಮ್ಮ ಸ್ನೇಹಿತರೊಬ್ಬರು, “ಸ್ವಾಮಿ, ಮುಂದಿನ ತಿಂಗಳು ಬಿಸಿಲೆಯ ಕಡೆ ನಾಲ್ಕು ದಿನ ಕಾಡುದಾರಿಯಲ್ಲಿ ಇರಬೇಕೆಂದಿದ್ದೇವೆ. ಜೊತೆಯಲ್ಲಿ ಒಂದು ಕತ್ತಿ ಇರಬೇಕಷ್ಟೆ. ಎಂಥದನ್ನು ಕೊಳ್ಳಲಿ?” ಎಂದು ಕೇಳಿದರು. ಅವರ ಕಿಸೆಯಲ್ಲಿ ಹೊಳೆಯುವ ಮಡಚುವ ಚಾಕು ಒಂದಿದ್ದಿತು. ನಾನು ಉತ್ತರಕೊಡದೆ ನನ್ನ ಬಲಗೈಯ ತೋರುಬೆರಳನ್ನು ತೋರಿಸಿದೆನು. ಬಹಳ ವರ್ಷಗಳ ಹಿಂದೆ ಅಂಥದೇ ಚಾಕುವಿನಿಂದ ಒಂದು ಒಣಗಿದ ಬಿದಿರನ್ನು ಸೀಳಲು ಹೋಗಿ, ಕೀಲು ಸಡಲಿ ಅಲಗು ಮಡಚಿಕೊಂಡಾಗ ಆದ ಗಾಯದ ಗುರುತು ಅಲ್ಲಿ ಈಗಲೂ ಇದೆ. ವೈದ್ಯರಿರುವ ಊರು ಆ ದಿನ ಎಂಟು ಮೈಲಿಯ ಆಚೆಗಿದ್ದಿತು. ಬೆರಳು ಉಳಿಯಿತು, ಆದರೆ ಅದರ ತುದಿಗೆ ಬಿಸಿತಣ್ಪುಗಳ ಅರಿವು ಇಂದಿಗೂ ಸರಿಯಾಗಿ ಇಲ್ಲ.

ಹಾಗಾದರೆ ಮಡಚದ ಕತ್ತಿ, ಎಂದರೆ ಅಲಗೂ ಹಿಡಿಯೂ ಒಂದಾಗಿ ನಿಂತ ಕತ್ತಿ. ಇಷ್ಟನ್ನು ಹೇಳಿ ಮುಗಿಸಬಹುದಾಗಿದ್ದಿತು. ಆದರೆ ಎಂಥ ಅಲಗು, ಎಂಥ ಹಿಡಿ ಎಂಬ ಪ್ರಶ್ನೆ ಬಂದೊಡನೆ ಮಾತು ಚರಿತ್ರೆಗೆ ತಿರುಗಿತು. ಅಂದು ಹೇಳಿದುದನ್ನೂ ಆಮೇಲೆ ಹೊಳೆದುದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಕತ್ತಿಯ ಚಿತ್ರಗಳಿಗೆ ಬಡತನವಿಲ್ಲ. ಹೊಯ್ಸಳರ ಲಾಂಛನದಲ್ಲಿ ಸಳನು ಮೇಲೆರಗಿದ ಮೃಗವನ್ನು ಇರಿಯುತ್ತಿರುವನು. ಅವನಿಗೆ ‘ಹೊಯ್ ಸಳ’ ಎಂದು ಆಜ್ಞಾಪಿಸಿದವನು ಜೈನಮುನಿಯೆಂಬುದೇ ಕಥೆಯ ಸ್ವಾರಸ್ಯ. ವೀರಗಲ್ಲುಗಳ ಮಾತನ್ನು ಹೇಳಬೇಕಾಗಿಯೇ ಇಲ್ಲ. ಆದರೆ ಅಲಗಿನ ಮೇಲೆ ಮನುಷ್ಯನು ಇಟ್ಟ ನಂಬಿಕೆಯನ್ನು ನೋಡಬೇಕಾದರೆ ಹಳೇಬೀಡಿಗೆ ಹೋಗಬೇಕು. ಹೊಯ್ಸಳೇಶ್ವರ ದೇವಾಲಯದ ಬಳಿ ಕುವರ ಲಕ್ಷ್ಮನ ನೆನಪಿನ ಕಂಬವೊಂದು ನಿಂತಿದೆ. ಇಮ್ಮಡಿ ಬಲ್ಲಾಳನಿಗೆ ಗರುಡನಾಗಿ, ಎಂದರೆ ಒಡೆಯನೊಡನೆ ಪ್ರಾಣಬಿಡುವ ಪಣತೊಟ್ಟವನಾಗಿ, ಇದ್ದ ಈ ದಂಡನಾಯಕನು 1220ರ ಸುಮಾರಿನಲ್ಲಿ ಹೆಂಡತಿಯೊಡನೆಯೂ ತನ್ನ ಭಟರೊಡನೆಯೂ ಪ್ರಾಣತ್ಯಾಗ ಮಾಡಿದನು. ಕಂಬದ ಮೇಲೆ ಆ ವೀರರು ತಮ್ಮ ತಲೆಯನ್ನೂ ಅವಯವಗಳನ್ನೂ ತಾವೇ ಕತ್ತಿಯಿಂದ ಕಡಿದುಕೊಳ್ಳುತ್ತಿರುವುದು ಕೆತ್ತಲ್ಪಟ್ಟಿದೆ. ನೋಡಲು ಮನಸ್ಸು ಹಿಂಜರಿಯುವುದು. ಅಂಥ ಗಳಿಗೆಯಲ್ಲಿ ಕೈಯಲ್ಲಿದ್ದ ಅಲಗು ಮೊಂಡಾದರೆ, ಹಿಡಿಯಿಂದ ಕಳಚಿದರೆ, ಗತಿಯೇನು? ಕತ್ತಿಯನ್ನು ಬಡಿದುಕೊಟ್ಟ ಕಮ್ಮಾರನ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲವಷ್ಟೆ.

ಅರಕಲಗೂಡು ತಾಲ್ಲೂಕನ್ನು ದಾಟಿದರೆ ಕೊಡಗು. ಅಲ್ಲಿ ಕತ್ತಿ ಇಂದಿಗೂ ಉಡುಪಿನ ಅಂಗ. ಪೀಚೆಕತ್ತಿಯನ್ನು ನಡುವಿನ ಚೇಲೆಯಲ್ಲಿ ಮುಂದುಗಡೆ ಸಿಕ್ಕಿಸುವರು. ಅದರ ಒರೆಗೂ ಹಿಡಿಗೂ ಬೆಳ್ಳಿಯ ಕೆಲಸವಿರುವುದು. ಒಡಿಕತ್ತಿ ಇದಕ್ಕಿಂತ ಬಹಳ ದೊಡ್ಡದು. ಮುಂದಕ್ಕೆ ಬಾಗಿ ಅಗಲವಾದ ಅಲಗು, ಬಾಯಿ ಒಳಬಾಗಿನ ಕಡೆಗೆ. ಅದನ್ನು ಬೆನ್ನ ಕೆಳಗೆ ತೊಡಂಗ್ ಎಂಬ ಲೋಹದ ಕೊಕ್ಕೆಯಲ್ಲಿ ಒರೆಯಿಲ್ಲದೆಯೇ ತೊಡಿಸುವರು. ಭಾರವೆಲ್ಲ ತುದಿಯ ಕಡೆಗಿರುವುದರಿಂದ ಬೀಸಿದ ಪೆಟ್ಟು ತಾನಾಗಿ ಆಳಕ್ಕೆ ಇಳಿಯುವುದು. ಮದುವೆಯಲ್ಲಿ ಬಾಳೆಯ ದಿಂಡುಗಳನ್ನು ಕಡಿಯುವ ಪದ್ಧತಿಯನ್ನು ಕಂಡವರಿಗೆ ಇದರ ಶಕ್ತಿ ವಿದಿತವಾಗಿದೆ. ನಮ್ಮ ಮಲೆನಾಡಿನ ಕೂಲಿಯವನು ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸಿಕೊಂಡು ಹೋಗುವ ಕತ್ತಿಯೂ ಇದರ ಬಡನೆಂಟನೇ. ನನ್ನ ಸ್ನೇಹಿತರಿಗೆ ಒಡಿಕತ್ತಿಯ ಮೇಲೆ ಕೂಡಲೇ ಆಸೆ ಹುಟ್ಟಿತು. ಅದು ದಾರಿ ಬಿಡಿಸುವ ಕತ್ತಿ, ದಾರಿಯಲ್ಲಿ ತರಕಾರಿ ಹೆಚ್ಚುವ ಕತ್ತಿಯಲ್ಲವೆಂದು ಹೇಳಿ ತಡೆದೆನು.

ಆಕಾರದ ಮಾತು ಅಷ್ಟಿರಲಿ. ಅಲಗಿನ ಜೀವವಿರುವುದು ಉಕ್ಕಿನಲ್ಲಿ. ಈ ವಿಷಯದಲ್ಲಿ ಕನ್ನಡನಾಡಿನ ಕೀರ್ತಿ ದೊಡ್ಡದು. ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆಯ ಸ್ಥಿತಿಗತಿಗಳನ್ನು ಬರೆದುಕೊಂಡು ಬರಲು ಕಳುಹಿಸಿದನು. 1800 ಮತ್ತು 1801ರಲ್ಲಿ ಊರೂರು ತಿರುಗಿ ಅವನು ಬರೆದ ಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಬೆಳಗೊಳದ ದಾರಿಯಲ್ಲಿಯೂ ಅವನು ಹಾದುಹೋಗಿದ್ದನು. ಮಧುಗಿರಿಯ ಕಡೆಯ ಕುಲುಮೆಗಳಲ್ಲಿ ಉಕ್ಕುಮಾಡುವುದನ್ನು ಅವನು ಕಣ್ಣಾರೆ ಕಂಡು ವಿವರಿಸಿರುವನು. ಹಳ್ಳದಲ್ಲಿ ಮಳೆನೀರು ತಂದ ಕರಿಮರಳನ್ನು ಕರಗಿಸಿ ಕಬ್ಬಿಣ ತೆಗೆಯುವರು. ಆ ಕಬ್ಬಿಣದ ತುಂಡನ್ನು ಹಸಿಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿಯ ಕಡ್ಡಿಯನ್ನೂ ಒಂದೆರಡು ಹಸುರೆಲೆಗಳನ್ನೂ ಹಾಕಿ, ಮಣ್ಣಿನ ಮುಚ್ಚಳದಿಂದ ಬಿಗಿದು, ಅನೇಕ ಮೂಸೆಗಳನ್ನು ಕಮಾನಿನಂತೆ ಒಲೆಯಲ್ಲಿ ಜೋಡಿಸಿ, ಇದ್ದಿಲು ತುಂಬಿ ತಿದಿಯೊತ್ತುವರು. ಕಡ್ಡಿ ಎಲೆಗಳು ಸುಟ್ಟು ಅವುಗಳ ಇಂಗಾಲವನ್ನು ಕಬ್ಬಿಣವು ಹೀರಿಕೊಂಡು ಕರಗಿ ಉಕ್ಕಾಗುವುದು. ಇಂಥ ಉಕ್ಕಿನಲ್ಲಿ ನೂರಕ್ಕೆ ಒಂದರಿಂದ ಎರಡು ಪಾಲಿನವರೆಗೆ ಇಂಗಾಲವಿರುವುದೆಂದು ಈಚಿನವರು ಪರೀಕ್ಷಿಸಿ ಹೇಳಿರುವರು.

ಈ ಉಕ್ಕು ಯಾವುದಕ್ಕೆ ಬರುತ್ತಿದ್ದಿತೆಂಬುದನ್ನೂ ಬುಕಾನನ್ ಬರೆದಿರುವನು: ಕಲ್ಲುಕುಟಿಗರ ಉಳಿಗಳಿಗೆ, ಕತ್ತಿಯ ಅಲಗುಗಳಿಗೆ, ವಾದ್ಯಗಳ ತಂತಿಗಳಿಗೆ. ತಂತಿಗೆ ಚನ್ನಪಟ್ಟಣವು ಹೆಸರಾಗಿದ್ದಿತು. ಕಲ್ಲನ್ನು ಬಿಡಿಸುವುದೂ, ಮೈಯನ್ನು ಸೀಳುವುದೂ, ವೀಣೆಯಲ್ಲಿ ನುಡಿಯುವುದೂ ಒಂದೇ ಮೂಸೆಯ ಉಕ್ಕು! ಈ ಮೂರರಲ್ಲಿ ಉಳಿಯನ್ನು ಅವನು ಹೇಳಿದುದು ನನಗೆ ಬಹು ಸಂತೋಷವನ್ನುಂಟುಮಾಡಿತು. ಜಿನನಾಥಪುರದ ಗೋಡೆಯ ಮುಂದೆ ನಿಂತವನಿಗೆ ಮೊದಲು ನೆನಪಿಗೆ ಬರಬೇಕಾದುದು ಅದೇ ಅಲ್ಲವೆ? ಬುಕಾನನ್ ಕಂಡದ್ದು ರೇಚಿಮಯ್ಯನಿಗೆ ಆರುನೂರು ವರ್ಷಗಳ ತರುವಾಯದ ಕುಲುಮೆ ಎಂಬುದು ನಿಜ. ಆದರೆ ಪಂಚಾಳರಲ್ಲಿ ಕಮ್ಮಾರನೂ ಕಲ್ಲುಕುಟಿಗನೂ ಒಂದೇ ಬಳಗದವರು. ಒಬ್ಬನ ಕೈಕೆಲಸವಿಲ್ಲದೆ ಇನ್ನೊಬ್ಬನ ಕೈ ಆಡದು.

ಕನ್ನಡದ ‘ಉಕ್ಕು’ ಎಂಬ ಮಾತೇ ‘ವೂಟ್ಸ್’ ಎಂದು ರೂಪಗೆಟ್ಟು ಇಂಗ್ಲೆಂಡಿಗೆ ಹೋಯಿತೆಂಬುದು ಬಹುಮಂದಿ ವಿದ್ವಾಂಸರ ಮತ. ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಕಳುಹಿಸಿದ ಉಕ್ಕಿನ ಗಟ್ಟಿಗಳನ್ನು ಜಾರ್ಜ್ ಪಿಯರ್ಸನ್ ಪರೀಕ್ಷಿಸಿ 1795ರಲ್ಲಿ ರಾಯಲ್ ಸೊಸೈಟಿಯಲ್ಲಿ ಪ್ರಬಂಧವನ್ನೋದಿದನು. ಅದನ್ನು ಬಡಿದು ಅಲಗುಮಾಡಿ ನೋಡಿದವನು ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತಿಗಾರ. ಅವನು ಮಾಡಿದುದು ಖಡ್ಗವಲ್ಲ, ಒಂದು ಪುಟ್ಟ ಚಾಕು. ಯೂರೋಪಿನ ಉತ್ತಮವಾದ ಉಕ್ಕಿಗಿಂತಲೂ ಇದೇ ಮೇಲೆಂದು ಅವನು ತನ್ನ ಅಂಗಡಿಯ ಚೀಟಿಯಲ್ಲಿಯೇ ಅಚ್ಚುಹಾಕಿಸಿದನು. ಮುಂದೆ ಅವನೊಡನೆ ಸೇರಿ ಈ ಉಕ್ಕಿನ ಗುಟ್ಟನ್ನು ಹುಡುಕಿದವನು ಮೈಕೇಲ್ ಫ್ಯಾರಡೆ. ಆದರೆ ಸಾಮಾನ್ಯ ಕಮ್ಮಾರರಿಗೆ ಅದು ವಶವಾಗಲಿಲ್ಲ. ಬೆಳ್ಳಗೆ ಕಾಯಿಸಿ ಸುತ್ತಿಗೆಯಿಟ್ಟರೆ ಪುಡಿಪುಡಿಯಾಗುವುದು. ಕೆಂಪಗಿರುವಾಗ, ಅದೂ ತಾಳ್ಮೆಯಿಂದ, ಬಡಿಯಬೇಕು. ಇತ್ತ ನಮ್ಮಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸೀಮೆಯ ಅಗ್ಗದ ಕಬ್ಬಿಣ ಉಕ್ಕುಗಳು ಸಂತೆಗೆ ಬಂದವು, ಇದ್ದಿಲಿಗೆ ಸೌದೆ ದುಬಾರಿಯಾಯಿತು, ಮೂಸೆಯ ಒಲೆಗಳು ಒಂದೊಂದಾಗಿ ಆರಿದವು.

ಉಕ್ಕು ಹೋದರೂ ಹದದ ವಿದ್ಯೆ ಹೋಗಲಿಲ್ಲ. ಇಂದು ನಮ್ಮ ಹಳ್ಳಿಯ ಕಮ್ಮಾರನು ಮಚ್ಚು ಕುಡುಗೋಲುಗಳನ್ನು ಮುರಿದ ಲಾರಿಯ ಪಟ್ಟಿಯಿಂದ ಮಾಡುವನು. ಅದರಲ್ಲಿ ಇಂಗಾಲವು ನೂರಕ್ಕೆ ಸುಮಾರು 0.6 ಪಾಲು, ಹಳೆಯ ಉಕ್ಕಿನಷ್ಟು ಹರಿತ ಬಾರದಿದ್ದರೂ ಪೆಟ್ಟು ತಾಳುವುದರಲ್ಲಿ ಎತ್ತಿದ ಕೈ. ಅಲಗನ್ನು ಕೆಂಪಗೆ ಕಾಯಿಸಿ ಅದ್ದಿದರೆ ಗಾಜಿನಂತೆ ಗಡುಸಾಗುವುದು; ಹಾಗೆಯೇ ಬಿಟ್ಟರೆ ಗಾಜಿನಂತೆಯೇ ಮುರಿಯುವುದು. ಆದುದರಿಂದ ಉಜ್ಜಿ ಬಿಳಿದುಮಾಡಿ ಮತ್ತೆ ಮೆಲ್ಲಗೆ ಕಾಯಿಸುತ್ತಾ ಬಣ್ಣವನ್ನು ನೋಡಬೇಕು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಹರಿತ ಬಹುಕಾಲ ನಿಲ್ಲುವುದು. ನೀಲಿಗೆ ಹೋದರೆ ಕಮಾನಿನಂತೆ ಬಳುಕುವುದು, ಹರಿತ ಬೇಗ ಹೋಗುವುದು. ಎಷ್ಟರಲ್ಲಿ ನಿಲ್ಲಿಸಬೇಕೆಂಬುದೇ ಹದ. ಗೊಮ್ಮಟನನ್ನು ಬಿಡಿಸಿದ ಕಗ್ಗಲ್ಲಿಗೆ ಒಂದು ಹದದ ಉಳಿ, ಜಿನನಾಥಪುರದ ಬಳಪದ ಕಲ್ಲಿನಲ್ಲಿ ನರ್ತಕಿಯ ಕಾಲ್ಗೆಜ್ಜೆಯನ್ನು ತೆಗೆಯಲು ಇನ್ನೊಂದು. ಕಗ್ಗಲ್ಲಿನ ಕೆಲಸವಿರುವಲ್ಲಿ ಉಳಿಯ ಮೊನೆ ದಿನದಿನವೂ ಸವೆಯುವುದರಿಂದ ಹತ್ತಿರದಲ್ಲೇ ಕುಲುಮೆ ಇರಬೇಕಾಗುವುದು. ಈ ಬಣ್ಣಗಳನ್ನು ಓದಬಲ್ಲ ಮುದುಕರು ನಮ್ಮ ತಾಲ್ಲೂಕುಗಳಲ್ಲಿ ಈಗ ಬೆರಳೆಣಿಕೆಯಷ್ಟು. ಅವರ ಮಕ್ಕಳು ಬೇರೆ ಕಸುಬು ಹಿಡಿದಿರುವರು, ಹಿಡಿದುದು ತಪ್ಪೆಂದು ಹೇಳಲು ನನಗೆ ಬಾಯಿಲ್ಲ.

ಇನ್ನು ಸ್ನೇಹಿತರ ಪ್ರಶ್ನೆಗೆ ಬರುವೆನು. ಕಾಡುದಾರಿಯ ಕತ್ತಿಗೆ ಅಲಗು ನಾಲ್ಕೈದು ಅಂಗುಲವಿದ್ದರೆ ಸಾಕು. ಬೆನ್ನು ಅಂಗುಲದ ಎಂಟನೆಯ ಒಂದು ಭಾಗಕ್ಕೆ ಕಡಮೆಯಾಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ ನೋಡತಕ್ಕುದು, ಅಂಗಡಿಯಲ್ಲಿ ಯಾರೂ ತೋರಿಸದ ಭಾಗವನ್ನು: ಹಿಡಿಯೊಳಗೆ ಹೊಗುವ ಬಾಲವನ್ನು. ಅದು ಅಲಗಿನಷ್ಟೇ ಅಗಲವಾಗಿ ಹಿಡಿಯ ತುದಿಯವರೆಗೂ ಹೋಗಿ, ಎರಡು ಕಡೆಯ ಮರದ ಹಲಗೆಗಳನ್ನು ಮೊಳೆಗಳಿಂದ ಕೂಡಿಸಿರಬೇಕು. ಅರ್ಧಕ್ಕೇ ನಿಂತ ಸಣ್ಣ ಬಾಲಕ್ಕೆ ಅರಗು ತುಂಬಿ ಸಿಕ್ಕಿಸಿದ ಕತ್ತಿ ಮನೆಯಲ್ಲಿ ಹಣ್ಣು ಹೆಚ್ಚಲು ಆದೀತು. ಹದವನ್ನು ತಿಳಿಯಬೇಕಾದರೆ ಬಾಯಿಯನ್ನು ಒಂದು ಹಿತ್ತಾಳೆಯ ಕಡ್ಡಿಯ ಮೇಲೆ ಓರೆಯಾಗಿ ಒತ್ತಿ ನೋಡಬಹುದು. ಬಳುಕಿ ಸರಿಹೋದರೆ ಒಳ್ಳೆಯದು, ಬಾಗಿಯೇ ನಿಂತರೆ ಮೆತು, ಚೂರು ಹಾರಿದರೆ ಗಡುಸು ಹೆಚ್ಚು.

ತುಕ್ಕುಹಿಡಿಯದ ಉಕ್ಕಿನ ಮಾತನ್ನು ಅವರೇ ಎತ್ತಿದರು. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕಬ್ಬಿಣಕ್ಕೆ ಕ್ರೋಮಿಯಂ ಬೆರಸಿ ಕಂಡುಹಿಡಿದ ಈ ಉಕ್ಕಿಗೆ ಬಿಸಿಲೆಯಂಥ ಮಳೆನಾಡಿನಲ್ಲಿ ಅನುಕೂಲವಿಲ್ಲವೆನ್ನಲಾರೆ. ಆದರೆ ಹಳ್ಳಿಯ ಕುಲುಮೆಯಲ್ಲಿ ಅದನ್ನು ತಿದ್ದಲು ಬಾರದು. ಮಾಮೂಲು ಉಕ್ಕನ್ನು ಹೊಳೆಯ ಕಲ್ಲಿನ ಮೇಲೂ ಮಸೆಯಬಹುದು. ರಾತ್ರಿ ಒರಸಿ ಒಂದು ತೊಟ್ಟು ಕೊಬ್ಬರಿಯೆಣ್ಣೆ ಸವರುವಷ್ಟು ಶ್ರದ್ಧೆಯಿದ್ದವರಿಗೆ ನಾನು ಅದನ್ನೇ ಹೇಳುವೆನು. ಒರೆ ಚರ್ಮದ್ದಾದರೆ ಕತ್ತಿಯನ್ನು ಒದ್ದೆಯಾಗಿ ಅದರಲ್ಲಿ ಇಡಬಾರದು. ಕಾಯಿದೆಯ ಮಾತೂ ಒಂದಿದೆ. 1959ರ ಆಯುಧ ಕಾಯಿದೆಯ ನಿಯಮಗಳು, ಮನೆಗೆಲಸ ಬೇಸಾಯ ಮುಂತಾದವುಗಳ ಉಪಕರಣಗಳನ್ನು ಬಿಟ್ಟು, ಒಂಬತ್ತು ಅಂಗುಲಕ್ಕೆ ಮಿಕ್ಕಿದ ಉದ್ದದ ಅಥವಾ ಎರಡು ಅಂಗುಲಕ್ಕೆ ಮಿಕ್ಕಿದ ಅಗಲದ ಅಲಗನ್ನು ಆಯುಧಗಳ ವರ್ಗಕ್ಕೆ ಸೇರಿಸುತ್ತವೆ. ಕಾದಿಟ್ಟ ಅಡವಿಯಲ್ಲಿ ಹಸಿಮರಕ್ಕೆ ಕತ್ತಿ ಹಾಕುವ ಹಕ್ಕಂತೂ ಯಾತ್ರಿಕನಿಗೆ ಇಲ್ಲ.

ಕೊನೆಗೆ ಅವರು ಚನ್ನರಾಯಪಟ್ಟಣದ ಕಡೆಯ ಒಬ್ಬ ಮುದುಕ ಕಮ್ಮಾರನಲ್ಲಿ ಕತ್ತಿ ಮಾಡಿಸಿದರು. ಏಳು ಅಂಗುಲ ಬೇಕೆಂದು ಕೇಳಿದುದಕ್ಕೆ ಆತನು, “ಏನು ಬುದ್ಧೀ, ಯಾರ ಮೇಲೆ ಹೋಗ್ತೀರಿ?” ಎಂದು ನಕ್ಕು ಐದನ್ನೇ ಮಾಡಿಕೊಟ್ಟನಂತೆ. ಹಿಡಿ ಹೊನ್ನೆಯ ಮರದ್ದು, ಮೊಳೆ ಮೂರು. ಬಿಸಿಲೆಯಿಂದ ಹಿಂದಿರುಗಿದಮೇಲೆ ನನಗೆ ತಂದು ತೋರಿಸಿದರು. ಬಾಯಿಯ ನಡುವೆ ಜೋಳದ ಕಾಳಿನ ಅರ್ಧದಷ್ಟು ಒಂದು ಗಾಯ; ತೆಂಗಿನಕಾಯಿಯನ್ನು ಕಲ್ಲಿನ ಮೇಲಿಟ್ಟು ಹೊಡೆದರಂತೆ. ಸಾಣೆಗೆ ಕೊಡಲು ಬರುವ ಸೋಮವಾರ ನಾವಿಬ್ಬರೂ ಆ ಕುಲುಮೆಗೆ ಹೋಗುವವರಿದ್ದೇವೆ.