ಅಟ್ಟದ ಕೊಬ್ಬರಿಯೂ ಫ್ಯೂಸಿನ ತಂತಿಯೂ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ ಹರಿಯಿತು. ಹೆಂಗಸರ ಒರಳುಕಲ್ಲಿನವರೆಗೆ ಬರಲು ಅದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು.

ತಿಪಟೂರಿನ ನಮ್ಮ ಹಳೆಯ ಮನೆಗೆ ಮೊದಲು ಬಂದದ್ದು ನಡುಮನೆಗೊಂದು, ಅಡಿಗೆಮನೆಗೊಂದು ಬಲ್ಬು. ಮರದ ಹಲಗೆಯ ಮೇಲೆ ಪಿಂಗಾಣಿ ಫ್ಯೂಸು. 40 ವ್ಯಾಟಿನ ದೀಪಗಳಿಗೆ ಅಷ್ಟು ಸಾಕಿತ್ತು. ಆಮೇಲೆ ಮಿಕ್ಸಿ, ಗ್ರೈಂಡರ್, ಫ್ರಿಜ್ಜು, ಗೀಸರ್ ಒಂದೊಂದಾಗಿ ಬಂದವು. ತಂತಿ ಮಾತ್ರ ಹಳೆಯದೇ. 2000 ವ್ಯಾಟಿನ ಗೀಸರೊಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಫ್ಯೂಸು ಪದೇಪದೇ ಹೋದಾಗ ಯಾರೋ ದಪ್ಪ ತಂತಿ ಸುತ್ತಿ ಹೋದರು. ಫ್ಯೂಸು ಉಳಿಯಿತು, ಗೋಡೆಯ ತಂತಿ ಕಾಯತೊಡಗಿತು. ಮೇಲೆ ಅಟ್ಟದ ತುಂಬ ಒಣಗುತ್ತಿದ್ದ ಕೊಬ್ಬರಿ!

"ದೀಪ ಉರೀತಿದೆಯಲ್ಲಮ್ಮ, ಖರ್ಚೇಕೆ?" ಎಂದರು ಅತ್ತೆ. ನಾನು ಅಟ್ಟದ ಕಡೆ ಕೈ ತೋರಿಸಿದೆ. ಆ ಸಲದ ಕೊಬ್ಬರಿ ದುಡ್ಡಿನ ಮೊದಲ ಪಾಲು ಹೊಸ ವೈರಿಂಗಿಗೆ ಹೋಯಿತು: ಗೀಸರಿಗೆ ಬೇರೆಯೇ ದಪ್ಪ ತಂತಿ, ಸರಿಯಾದ ಅರ್ತಿಂಗ್, ಹೊರೆ ಹೆಚ್ಚಿದರೆ ತಾನೇ ಬೀಳುವ ಎಂ.ಸಿ.ಬಿ., 30 ಮಿಲಿ ಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಆರ್.ಸಿ.ಸಿ.ಬಿ.

2023ರಲ್ಲಿ ಬಂದ ಗೃಹಜ್ಯೋತಿ ಬಿಲ್ಲಿನ ಚಿಂತೆ ಇಳಿಸಿತು. ಗೋಡೆಯೊಳಗಿನ ತಂತಿಯ ಚಿಂತೆ ನಮ್ಮದೇ. ಹಳೆಯ ಬೋರ್ಡನ್ನು ಒಮ್ಮೆ ಬಲ್ಲವರಿಂದ ತೆಗೆಸಿ ನೋಡಿ.