ಆರೋಪಿಯ ಪರವಾದ ದನಿ: ನಮ್ಮ ಸೀಮೆಯ ನ್ಯಾಯಾಲಯ, ವಕೀಲ ಮತ್ತು ಭಾಷೆ

ಶಾಲೆಯೊಂದರ ನೂರು ವರ್ಷಗಳ ಇತಿಹಾಸವನ್ನು ಬರೆಯುವಾಗ ಕಟ್ಟಡ, ಗುರುಪರಂಪರೆ, ಫಲಿತಾಂಶಗಳನ್ನು ಸ್ಮರಿಸುವುದು ವಾಡಿಕೆ. ಆದರೆ ಈ ಶಾಲೆಗೆ ಮಕ್ಕಳನ್ನು ಕಳಿಸಿದ ಹಿರಿಯರು ಶಾಲೆಯ ಹೊರಗೆ ಯಾವ ಭಾಷೆಯ ಮುಂದೆ ಕೈಕಟ್ಟಿ ನಿಲ್ಲಬೇಕಾಗಿತ್ತು ಎಂಬುದೂ ನಮ್ಮ ಇತಿಹಾಸವೇ. ಅದು ಎದ್ದು ಕಾಣುವುದು ನ್ಯಾಯಾಲಯದಲ್ಲಿ. ಅಲ್ಲಿಯೂ ವಿಶೇಷವಾಗಿ, ಮನುಷ್ಯನ ಪ್ರಾಣ ಮತ್ತು ಸ್ವಾತಂತ್ರ್ಯ ಪಣಕ್ಕೆ ಬೀಳುವ ಕ್ರಿಮಿನಲ್ ಮೊಕದ್ದಮೆಗಳಲ್ಲಿ.

ನಿಜಾಮರ ಕಾಲದಲ್ಲಿ ಮಕ್ತಲ್, ನಾರಾಯಣಪೇಟೆಗಳು ಮಹಬೂಬನಗರ ಜಿಲ್ಲೆಗೂ, ಗದ್ವಾಲ ಸಂಸ್ಥಾನದ ಸೀಮೆ ರಾಯಚೂರು ಜಿಲ್ಲೆಗೂ ಸೇರಿದ್ದವು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಮಹಬೂಬನಗರಕ್ಕೆ ಸೇರಿದ್ದು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ. ಹೈದರಾಬಾದ್ ಸಂಸ್ಥಾನದಲ್ಲಿ 1884ರ ಸುಮಾರಿಗೆ ಪಾರಸಿಯ ಸ್ಥಾನಕ್ಕೆ ಉರ್ದು ರಾಜಭಾಷೆಯಾಗಿ ಬಂದಿತು. 1920ರಲ್ಲಿ ಮೂಸಿ ನದಿಯ ದಂಡೆಯಲ್ಲಿ ಭವ್ಯವಾದ ಹೈಕೋರ್ಟ್ ಕಟ್ಟಡ ಎದ್ದು ನಿಂತಿತು. 1921ರಲ್ಲಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸುವ ಫರ್ಮಾನು ಹೊರಟಿತು. ಬ್ರಿಟಿಷ್ ಇಂಡಿಯಾದಲ್ಲಿ ಅದು ಇನ್ನೂ ಬೇಡಿಕೆಯಾಗಿಯೇ ಉಳಿದಿದ್ದ ಕಾಲವದು. ವ್ಯವಸ್ಥೆಯಲ್ಲಿ ದೊಡ್ಡ ಗುಣವಿತ್ತು. ಆದರೆ ಕೃಷ್ಣಾ ತೀರದ ರೈತನಿಗೆ ಅದರ ಭಾಷೆ ಬಾರದು.

ವಕೀಲ, ಜಾಮೀನು, ಅರ್ಜಿ, ರುಜುವಾತು, ತಕರಾರು: ನಾವು ಕನ್ನಡವೆಂದೇ ಬಳಸುವ ಈ ಮಾತುಗಳೆಲ್ಲ ಆ ಕಚೇರಿಗಳಿಂದಲೇ ನಮ್ಮ ಮನೆಗೆ ಬಂದವು. ಪದಗಳು ಬಂದವು, ಅರ್ಥವಾಗುವ ಹಕ್ಕು ಮಾತ್ರ ಬರಲಿಲ್ಲ. ಕನ್ನಡದ ಸಾಕ್ಷಿದಾರ ‘ಹೊಡೆದ’ ಎಂದರೆ ಉರ್ದುವಿನಲ್ಲಿ ‘ಮಾರಾ’ ಎಂದಾಗುತ್ತದೆ. ಅದರ ಮುಂದೆ ಒಂದು ಪದ ಸೇರಿ ‘ಮಾರ್ ಡಾಲಾ’ ಎಂದಾದರೆ ‘ಕೊಂದುಹಾಕಿದ’ ಎಂದರ್ಥ. ಹಲ್ಲೆಗೂ ಕೊಲೆಗೂ ನಡುವಣ ಅಂತರ ಒಂದು ಪದದಷ್ಟು. ಆ ಅಂತರವನ್ನು ಕಾಯುವುದೇ ಕ್ರಿಮಿನಲ್ ವಕೀಲನ ವೃತ್ತಿ. ಜಾಮೀನು ಅರ್ಜಿ, ಪಾಟೀಸವಾಲು, ಅಂತಿಮ ವಾದ, ಮೇಲ್ಮನವಿ ಎಂಬ ನಾಲ್ಕೂ ಹಂತಗಳಲ್ಲಿ ಅವನು ಮಾಡುವುದು, ಆರೋಪಿಯ ಮಾತು ನಡುವೆ ಕೆಡದಂತೆ ನ್ಯಾಯಾಧೀಶರಿಗೆ ಮುಟ್ಟಿಸುವ ಕೆಲಸ.

ಭಾಷೆಯ ಈ ಅವಮಾನವನ್ನು ಸ್ವತಃ ವಕೀಲರೂ ಉಂಡವರೇ. 1921ರ ನವೆಂಬರಿನಲ್ಲಿ ಹೈದರಾಬಾದಿನ ವಿವೇಕವರ್ಧಿನಿಯಲ್ಲಿ ನಡೆದ ಸಮಾಜಸುಧಾರಣಾ ಸಭೆಯಲ್ಲಿ ವಕೀಲ ಅಲ್ಲಂಪಲ್ಲಿ ವೆಂಕಟರಾಮರಾಯರು ತೆಲುಗಿನಲ್ಲಿ ಮಾತನಾಡಲು ಎದ್ದಾಗ ಸಭಿಕರು ಗೇಲಿ ಮಾಡಿದರು. ಆ ನೋವಿನಿಂದಲೇ ಆಂಧ್ರ ಜನಸಂಘ ಹುಟ್ಟಿತು. ನಮ್ಮದೇ ಮಹಬೂಬನಗರ ಜಿಲ್ಲೆಯ ಬೂರ್ಗುಲ ರಾಮಕೃಷ್ಣರಾಯರು ಹೈದರಾಬಾದಿನಲ್ಲಿ ವಕೀಲಿ ಮಾಡುತ್ತಲೇ ಆ ಚಳವಳಿಯಲ್ಲಿ ಬೆಳೆದು, 1931ರಲ್ಲಿ ದೇವರಕೊಂಡದ ಆಂಧ್ರ ಮಹಾಸಭೆಯ ಅಧ್ಯಕ್ಷರಾಗಿ, 1952ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದರು. ಪಿ. ವಿ. ನರಸಿಂಹರಾಯರು ಅವರ ಬಳಿ ಕಿರಿಯ ವಕೀಲರಾಗಿದ್ದವರು.

ಆರೋಪಿಯ ಪರವಾಗಿ ದನಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಇಡೀ ದೇಶಕ್ಕೆ ತೋರಿಸಿದ ಮೊಕದ್ದಮೆಯೂ ಹೈದರಾಬಾದ್ ರಾಜ್ಯದ್ದೇ. ತೆಲಂಗಾಣದ ರೈತ ಹೋರಾಟದ ಕಾಲದಲ್ಲಿ, 1949ರಲ್ಲಿ, ವಿಶೇಷ ನ್ಯಾಯಾಧಿಕರಣಗಳು ಹಲವರಿಗೆ ಮರಣದಂಡನೆ ವಿಧಿಸಿದವು. ಅವರ ಪರವಾಗಿ ವಾದಿಸಲು ಲಂಡನ್ನಿನಿಂದ ಬಂದವರು ಬ್ಯಾರಿಸ್ಟರ್ ಡಿ. ಎನ್. ಪ್ರಿಟ್. 1909ರಲ್ಲಿ ವೃತ್ತಿಗೆ ಇಳಿದ ಅವರು ವಿಯೆಟ್ನಾಮಿನ ಹೋ ಚಿ ಮಿನ್ ಅವರ ಪರವಾಗಿ ಹೋರಾಡಿದ್ದವರು. ಮುಂದೆ ಕೀನ್ಯಾದ ಜೋಮೋ ಕೆನ್ಯಾಟಾ ಅವರ ಪರವಾಗಿಯೂ ನಿಂತರು. ‘ಜನಾರ್ದನ ರೆಡ್ಡಿ ವಿರುದ್ಧ ಹೈದರಾಬಾದ್ ರಾಜ್ಯ’ ಎಂಬ ಆ ಪ್ರಕರಣದಲ್ಲಿ, ಆರೋಪಿಗಳಿಗೆ ವಕೀಲರನ್ನು ಇಟ್ಟುಕೊಳ್ಳುವ ತಕ್ಕ ಅವಕಾಶವೇ ದೊರೆಯಲಿಲ್ಲ ಎಂಬುದು ಮುಖ್ಯ ವಾದಗಳಲ್ಲೊಂದು. 1951ರಲ್ಲಿ ಸುಪ್ರೀಂ ಕೋರ್ಟು ಆ ಅರ್ಜಿಗಳನ್ನು ತಳ್ಳಿಹಾಕಿತು. ವಿಚಾರಣೆ ಸಂವಿಧಾನಕ್ಕೆ ಮುಂಚಿನದಾಗಿತ್ತು. ಆದರೂ ಗಲ್ಲು ತಪ್ಪಿ, ಶಿಕ್ಷೆ ಜೀವಾವಧಿಗೆ ಇಳಿಯಿತು.

ನ್ಯಾಯಾಲಯದಲ್ಲಿ ಸೋತ ಆ ವಾದ ಕಾಲದಲ್ಲಿ ಗೆದ್ದಿತು. 1976ರಲ್ಲಿ ಉಚಿತ ಕಾನೂನು ನೆರವಿನ 39-ಎ ವಿಧಿ ಸಂವಿಧಾನಕ್ಕೆ ಸೇರಿತು. 1979ರ ಹುಸೇನಾರಾ ಖಾತೂನ್ ತೀರ್ಪು ಬಡ ಆರೋಪಿಗೆ ವಕೀಲನ ನೆರವು ಹಕ್ಕೆಂದು ಸಾರಿತು. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಬಂದಿತು. ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ ಅದನ್ನು ತೆರೆದ ನ್ಯಾಯಾಲಯದಲ್ಲಿ ಅವನ ಭಾಷೆಯಲ್ಲಿ ವಿವರಿಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 279ನೆಯ ಕಲಮು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ.

ಇಂದು ನಾರಾಯಣಪೇಟೆಯೂ ಗದ್ವಾಲವೂ ತಾವೇ ಜಿಲ್ಲಾ ಕೇಂದ್ರಗಳು. ಉರ್ದುವಿನ ಸ್ಥಾನದಲ್ಲಿ ತೆಲುಗು ಮತ್ತು ಇಂಗ್ಲಿಷ್ ಬಂದಿವೆ. ಗಡಿಯ ಹಳ್ಳಿಯ ಕನ್ನಡಿಗನ ಪಾಡು ಅಷ್ಟರಮಟ್ಟಿಗೆ ಹಳೆಯದೇ: ಓದಲಾಗದ ಕಾಗದಕ್ಕೆ ರುಜು ಹಾಕುವುದು. ಕಾನೂನು ಕೊಟ್ಟ ಹಕ್ಕು ಪುಸ್ತಕದಲ್ಲಿದೆ. ‘ನನಗೆ ಇದು ತಿಳಿಯಲಿಲ್ಲ, ನನ್ನ ಭಾಷೆಯಲ್ಲಿ ಹೇಳಿ’ ಎಂದು ಕೇಳುವ ಧೈರ್ಯ ಮಾತ್ರ ಪುಸ್ತಕದಿಂದ ತಾನಾಗಿ ಬರುವುದಿಲ್ಲ.

ಆ ಧೈರ್ಯವನ್ನು ಕಲಿಸುವ ಸ್ಥಳ ಶಾಲೆ. ತನ್ನ ಮಾತನ್ನು ತಪ್ಪಿಲ್ಲದೆ ಬರೆಯಬಲ್ಲ, ಓದಿದ್ದನ್ನು ಪ್ರಶ್ನಿಸಬಲ್ಲ ಮಗು ಯಾವ ಕಚೇರಿಯಲ್ಲಿಯೂ ಮೂಕನಾಗಿ ನಿಲ್ಲುವುದಿಲ್ಲ. ನೂರರ ಈ ಹೊಸ್ತಿಲಲ್ಲಿ ಪಾಲಕರಲ್ಲಿ ನಮ್ಮದೊಂದು ವಿನಂತಿ: ಮಕ್ಕಳು ತೆಲುಗನ್ನು ಚೆನ್ನಾಗಿ ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ, ಕನ್ನಡವನ್ನು ಬಿಟ್ಟು ಕಲಿಯದಿರಲಿ. ಅವರಲ್ಲಿ ಕೆಲವರಾದರೂ ಕರಿಯ ಕೋಟು ತೊಟ್ಟು ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ನಿಲ್ಲಲಿ. ಕಟಕಟೆಯಲ್ಲಿ ನಿಂತ ಅಜ್ಜನೊಬ್ಬ ಕನ್ನಡದಲ್ಲಿ ಹೇಳಿದ ಮಾತು, ಹೇಳಿದಂತೆಯೇ ತೀರ್ಪಿನವರೆಗೆ ತಲುಪಿದರೆ, ಈ ಶಾಲೆಯ ನೂರು ವರ್ಷಗಳ ದುಡಿಮೆ ಸಾರ್ಥಕ.