ಗಲಗಲಿಯ ಡೇರೆನಗರದಲ್ಲಿ ದಾರಿ

ಜಮಖಂಡಿ, ಮುಧೋಳ, ಬೀಳಗಿಗಳ ನಡುವೆ ಕೃಷ್ಣೆಯ ದಂಡೆಯಲ್ಲಿರುವ ಗಲಗಲಿಯು 17ನೆಯ ಶತಮಾನದ ಕೊನೆಯ ದಶಕದಲ್ಲಿ ಕೆಲಕಾಲ ಮೊಗಲ್ ಸಾಮ್ರಾಜ್ಯದ ರಾಜಧಾನಿಯ ಕೆಲಸವನ್ನೇ ಮಾಡಿತು. 1686ರಲ್ಲಿ ಬಿಜಾಪುರದ ಆದಿಲ್‌ಶಾಹಿಯನ್ನು ಮುಗಿಸಿದ ಔರಂಗಜೇಬನು ದಿಲ್ಲಿಗೆ ಮರಳದೆ, ಮರಾಠರ ಬೆನ್ನುಹತ್ತಿ ದಖ್ಖನ್ನಿನಲ್ಲಿಯೇ ಉಳಿದುದರಿಂದ, ಅವನ ದರಬಾರು, ಕಚೇರಿ, ಸೇನೆ, ಸೇನೆಯನ್ನು ನಂಬಿ ಬದುಕುವ ವ್ಯಾಪಾರಿಗಳು ಎಲ್ಲರೂ ಡೇರೆಗಳಲ್ಲಿ ಬೀಡುಬಿಟ್ಟು, ಅವನು ಹೋದಲ್ಲೆಲ್ಲ ಒಂದು ನಗರವೇ ಎದ್ದು ನಿಲ್ಲುತ್ತಿತ್ತು. 1695ರ ಮಾರ್ಚಿಯಲ್ಲಿ ಗೋವೆಯ ಕಡೆಯಿಂದ ಘಟ್ಟ ಹತ್ತಿ ಬಂದು ಗಲಗಲಿಯಲ್ಲಿ ಪಾದಶಹನನ್ನು ಕಂಡ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ, ಈ ಬೀಡಿನ ಸುತ್ತಳತೆ 30 ಮೈಲಿ, ಬಾಜಾರುಗಳು 250, ಜನಸಂಖ್ಯೆ 5 ಲಕ್ಷ ಎಂದು ಬರೆದನು. ಇವು ಎಣಿಸಿದ ಅಂಕಿಗಳಲ್ಲ, ಕೇಳಿ ಬರೆದವು. ಅರ್ಧಕ್ಕೆ ಇಳಿಸಿದರೂ ಅಂದಿನ ದೊಡ್ಡ ಪಟ್ಟಣಗಳ ಸಾಲಿಗೆ ಸೇರುವ ಊರು ಅದಾಗಿತ್ತು.

ಇಷ್ಟು ದೊಡ್ಡ ಬೀಡಿನಲ್ಲಿ ಸಂಜೆ ಹೊರಬಿದ್ದ ಸಿಪಾಯಿ ತನ್ನ ಡೇರೆಗೆ ಮರಳುತ್ತಿದ್ದುದು ಹೇಗೆ ಎಂಬ ಪ್ರಶ್ನೆಗೆ ಉತ್ತರ, ಮೊದಲನೆಯದಾಗಿ, ಬೀಡಿನ ವಿನ್ಯಾಸದಲ್ಲಿಯೇ ಇತ್ತು. ಬೀಡುದಾಣವನ್ನು ಆರಿಸಿ ಅಳೆದು ಹಂಚುತ್ತಿದ್ದ ಮೀರ್ ಮಂಜಿಲ್ ಎಂಬ ಅಧಿಕಾರಿಯು ನಡುವೆ ಗುಲಾಲ್‌ಬಾರ್, ಅಂದರೆ ಕೆಂಪು ಬಟ್ಟೆಯ ತೆರೆಗಳಿಂದ ಸುತ್ತುವರಿದ ಅರಸನ ಆವರಣವನ್ನು ನಿಲ್ಲಿಸಿ, ರಾಜಕುಮಾರರು, ಸರದಾರರು, ತೋಪುಖಾನೆ, ಬಾಜಾರುಗಳಿಗೆ ಅದರಿಂದಲೇ ದಿಕ್ಕು ಹಿಡಿದು ಜಾಗ ಗೊತ್ತುಮಾಡುತ್ತಿದ್ದನು. ನೆಲ ಬದಲಾದರೂ ನಕ್ಷೆ ಬದಲಾಗುತ್ತಿರಲಿಲ್ಲವಾದ್ದರಿಂದ, ಹಿಂದಿನ ಬೀಡಿನಲ್ಲಿ ಕಲಿತ ದಾರಿ ಮುಂದಿನ ಬೀಡಿನಲ್ಲಿಯೂ ನಡೆಯುತ್ತಿತ್ತು.

ಎರಡನೆಯದು ಆಕಾಶದಿಯಾ. ಅಕ್ಬರನ ಕಾಲದ ‘ಆಯಿನ್-ಇ-ಅಕ್ಬರಿ’ಯ ಪ್ರಕಾರ, 40 ಗಜಕ್ಕೂ ಎತ್ತರದ ಕಂಬವೊಂದನ್ನು 16 ಹಗ್ಗಗಳಿಂದ ಬಿಗಿದು ನಿಲ್ಲಿಸಿ ಅದರ ತುದಿಗೆ ದೊಡ್ಡ ದೀಪವನ್ನು ಏರಿಸುತ್ತಿದ್ದರು, ದೀಪಾವಳಿಗೆ ಈ ಸೀಮೆಯ ಮನೆಗಳ ಮುಂದೆ ತೂಗುವ ಆಕಾಶಬುಟ್ಟಿಗೆ ಅದು ಹಿರಿಯಣ್ಣನಂತೆ. ಇದರ ಉಪಯೋಗವನ್ನು ಅನುಭವಿಸಿ ಬರೆದವನು ಫ್ರೆಂಚ್ ವೈದ್ಯ ಬರ್ನಿಯೆ. ಅವನು ಕಂಡದ್ದು ಗಲಗಲಿಯ ಬೀಡನ್ನಲ್ಲ, ಮೂವತ್ತು ವರ್ಷ ಹಿಂದೆ ಇದೇ ಪಾದಶಹ ಕಾಶ್ಮೀರಕ್ಕೆ ಹೊರಟಾಗಿನ ಬೀಡನ್ನು. ಏರ್ಪಾಡು ಒಂದೇ ಆಗಿದ್ದುದರಿಂದ ಅವನ ಮಾತನ್ನು ಇಲ್ಲಿಗೂ ತರಲು ಅಡ್ಡಿಯಿಲ್ಲ. ಸಂಜೆಯ ಅಡುಗೆಗೆ ಸಗಣಿ, ಒಂಟೆಯ ಲದ್ದಿ, ಹಸಿ ಕಟ್ಟಿಗೆ ಉರಿಸಿದ ಹೊಗೆ ಗಾಳಿಯಿಲ್ಲದ ರಾತ್ರಿ ನೆಲಕ್ಕೇ ಕವಿದು, ಕೇಳಿದರೂ ದಾರಿ ತಿಳಿಯದೆ ಅಲೆದ ಅವನು, ಒಮ್ಮೆ ಕಷ್ಟಪಟ್ಟು ಈ ಕಂಬದ ಬುಡ ಸೇರಿ ಕುದುರೆಯೊಡನೆ, ಆಳಿನೊಡನೆ ಅಲ್ಲಿಯೇ ರಾತ್ರಿ ಕಳೆದನು. ಬಾಜಾರುಗಳನ್ನು ಗುರುತಿಸಲು ನೆಟ್ಟ ಉದ್ದನೆಯ ಗಳಗಳನ್ನೂ ಅವುಗಳ ಮೇಲಿನ ಕೆಂಪು ಬಾವುಟಗಳನ್ನೂ ಅವನು ವರ್ಣಿಸಿದ್ದಾನೆ. 1695ರ ಮೇ ತಿಂಗಳಲ್ಲಿ ಪಾದಶಹನು ಭೀಮಾತೀರದ ಬ್ರಹ್ಮಪುರಿಗೆ ಹೊರಟಾಗ ಗಲಗಲಿಯ ನಗರ ಕಿತ್ತು ಹೋಯಿತು. ಬಟ್ಟೆ, ಹಗ್ಗ, ಬಿದಿರು ನೆಲದಲ್ಲಿ ಗುರುತು ಉಳಿಸುವ ವಸ್ತುಗಳಲ್ಲ.

ಆಕಾಶದಿಯಾ ನಗರದ ನಡುವನ್ನು ತೋರಿಸುತ್ತಿತ್ತು, ತಾನೆಲ್ಲಿದ್ದೇನೆ ಎಂಬುದನ್ನು ನಡೆಯುವವನೇ ಅದರಿಂದ ಊಹಿಸಿಕೊಳ್ಳಬೇಕಿತ್ತು. ಇಂದಿನ ಮೊಬೈಲ್ ನಕ್ಷೆಯಾದರೋ ಕನಿಷ್ಠ 4 ಉಪಗ್ರಹಗಳ ಸಂಕೇತಗಳು ತಲುಪಿದ ಹೊತ್ತನ್ನು ಲೆಕ್ಕಹಾಕಿ, ನಡೆಯುವವನನ್ನೇ ನೀಲಿ ಚುಕ್ಕೆಯಾಗಿ ನಡುವೆ ಇಟ್ಟು ನಗರವನ್ನು ಅವನ ಸುತ್ತ ತಿರುಗಿಸುತ್ತದೆ. ಆದರೂ ಗುರುತಿನ ಕಂಬವಿಲ್ಲದೆ ಅದು ನಮ್ಮ ನಗರಗಳಲ್ಲಿ ಸಾಗಲಿಲ್ಲ. ಅಗಸಿ, ಅಂದರೆ ಊರಬಾಗಿಲು, ದಾಟಿ ಹಣಮಪ್ಪನ ಗುಡಿಯನ್ನು ಎಡಕ್ಕೆ ಬಿಟ್ಟು ಹೋಗಬೇಕೆಂದು ದಾರಿ ಹೇಳುವ ಜನರಿಗೆ, ರಸ್ತೆಯ ಹೆಸರು ಮತ್ತು ಮೀಟರ್‌ಗಳ ಲೆಕ್ಕ ಉಪಯೋಗಕ್ಕೆ ಬಾರದೆಂದು ಅರಿತ ಗೂಗಲ್ ಸಂಸ್ಥೆ 2009ರ ಡಿಸೆಂಬರಿನಲ್ಲಿ ಭಾರತಕ್ಕಾಗಿ ಪೆಟ್ರೋಲ್ ಬಂಕು, ಅಂಗಡಿಗಳಂಥ ಗುರುತುಗಳನ್ನು ಸೇರಿಸಿ ದಾರಿ ಹೇಳುವ ಏರ್ಪಾಡನ್ನು ತಂದಿತು.

ಬಸ್ಸು, ರೈಲುಗಳ ಮಾಹಿತಿಗೆ ಬೇರೆ ಮೂಲವಿದೆ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆಯೊಂದಿಗೆ ಸೇರಿ ಗೂಗಲ್ ರೂಪಿಸಿದ ಜಿಟಿಎಫ್‌ಎಸ್ ಎಂಬ ಕಡತವಿನ್ಯಾಸವು ನಿಲ್ದಾಣಗಳು, ಮಾರ್ಗಗಳು, ಸುತ್ತುಗಳು, ತಲುಪುವ ಹೊತ್ತು ಇವುಗಳ ಸಾದಾ ಪಟ್ಟಿಗಳ ಕಟ್ಟು ಮಾತ್ರ. ಕಂಟ್ರೋಲರನ ಕೋಣೆಯ ವೇಳಾಪಟ್ಟಿಯನ್ನು ಯಂತ್ರ ಓದುವಂತೆ ಬರೆದಿಟ್ಟರೆ ಅದೇ ಆಗುತ್ತದೆ. ಪಟ್ಟಿಯಲ್ಲಿ ಪ್ರತಿ ನಿಲ್ದಾಣಕ್ಕೂ ಒಂದು ಹೆಸರು ಬೇಕಾಗುವಲ್ಲಿಯೇ ತೊಡಕು. ಬಾಗಲಕೋಟೆ ಸೀಮೆಯಿಂದ ರಾತ್ರಿ ಬಸ್ಸು ಹತ್ತಿದವರು ನಸುಕಿನಲ್ಲಿ ಇಳಿಯುವ ಬೆಂಗಳೂರಿನ ನಿಲ್ದಾಣಕ್ಕೆ ಸರ್ಕಾರದ ಕಾಗದದಲ್ಲಿ ಕೆಂಪೇಗೌಡರ ಹೆಸರಿದ್ದರೂ, ಚಿತ್ರಮಂದಿರವೊಂದರಿಂದ ಬಂದ ಮೆಜೆಸ್ಟಿಕ್ ಎಂಬ ಹೆಸರೇ ಬಾಯಲ್ಲಿ ನಿಂತಿದೆ. ಅಲ್ಲಿಯ ಮೆಟ್ರೊ ನಿಲ್ದಾಣದ ಫಲಕದಲ್ಲಿ ಎರಡೂ ಇವೆ. ಹುಡುಕುವವರು ಬೆರಳಚ್ಚಿಸುವುದು ಎರಡನೆಯದನ್ನು.